ಉಪ್ಪುಕಾಗದ

ಉಪ್ಪಿಲ್ಲ ಅದರಲ್ಲಿ, ಗಾಜಿನ ಪುಡಿ,
ಹೆಸರು ಮಾತ್ರ ಉಪ್ಪುಕಾಗದ.
ಎಂಬತ್ತರ ನಂಬರು ಮೊದಲು, ಆಮೇಲೆ ನೂರಿಪ್ಪತ್ತು,
ಕಡೆಗೆ ಬೆಕ್ಕಿನ ನಾಲಿಗೆಯಂಥ ಮುನ್ನೂರಿಪ್ಪತ್ತು.
ಜಬೀವುಲ್ಲಾ ಮೇಸ್ತ್ರಿ ಬರೆದುಕೊಟ್ಟ ಚೀಟಿ
ನನ್ನ ಲ್ಯಾಬ್ ಕೋಟಿನ ಜೇಬಿನಲ್ಲಿ
ಒಂದು ವಾರ ರಕ್ತದ ರಿಪೋರ್ಟುಗಳ ಜೊತೆ ಓಡಾಡಿತು.

ಹಾಸನದ ಸಂತೇಪೇಟೆ ಹಿಂದೆ
ಸಾಲ ಮಾಡಿ ಕೊಂಡ ಮನೆಗೆ ಆರು ಬಾಗಿಲು.
ಐದು ಸುಮ್ಮನೆ ಬಣ್ಣ ಬಿಟ್ಟುಕೊಟ್ಟವು.
ಆರನೆಯದು ಒಳಕೋಣೆಯದು, ಹಲಸಿನ ಮರದ್ದು,
ಭಾನುವಾರಕ್ಕೆ ಒಂದೇ ಪದರ.
ಮೇಲೆ ಬಿಸ್ಕತ್ತಿನ ಬಣ್ಣ,
ಅದರಡಿ ಆಸ್ಪತ್ರೆ ಹಸಿರು,
ಅದರಡಿ ಬಸ್ ಸ್ಟ್ಯಾಂಡ್ ಬೆಂಚಿನ ನೀಲಿ,
ಅದರಡಿ ಯಾರದೋ ಮದುವೆಗೆ ಅವಸರದಲ್ಲಿ ಬಳಿದ ಗುಲಾಬಿ;
ಕುಂಚದ ಎರಡು ಕೂದಲು ಅದರೊಳಗೇ ಒಣಗಿವೆ.

"ನಾರು ಹೋದ ಕಡೆಗೇ ಉಜ್ಜಮ್ಮ,
ಅಡ್ಡ ಉಜ್ಜಿದರೆ ಈಗ ಕಾಣಲ್ಲ,
ಪಾಲಿಶ್ ಕೊಟ್ಟ ಮೇಲೆ ಎದ್ದು ಕಾಣುತ್ತೆ."
ಮೂಗಿಗೆ ಹಳೇ ದುಪಟ್ಟಾ ಸುತ್ತಿ ಉಜ್ಜಿದೆ.
ಮೊಣಕೈವರೆಗೆ ಹಳದಿ ಹೊಟ್ಟು,
ಅರಿಶಿನ ಹಚ್ಚಿ ಕೂರಿಸಿ
ಎಲ್ಲರೂ ಊಟಕ್ಕೆ ಎದ್ದುಹೋದ ಹಾಗೆ.

ನಾಲ್ಕನೇ ಭಾನುವಾರ ಪುಟ್ಟಿ ಉದುರಿತು.
ನಾಲ್ಕು ತೂತು, ಹಾಲಿನ ಕಡೆಗೆ.
ಹೊರಗಿಂದ ಹಾಕುವ ಚಿಲಕದವು.
ಒಳಗಡೆ ತಡಕಿದೆ, ಉಗುರು ಹಾಕಿ ನೋಡಿದೆ:
ಅಲ್ಲಿ ಒಂದೂ ಇಲ್ಲ.

"ಅಕ್ಕಿ ಇಡ್ತಿದ್ರು ಕಣವ್ವ, ಬೆಕ್ಕು ನುಗ್ತಿತ್ತು,"
ಎದುರುಮನೆ ಜಯಶೀಲಮ್ಮ ಅಂದರು.
ಕಾಫಿ ಅರ್ಧ ಕುಡಿದು ಲೋಟ ತಿರುಗಿಸುತ್ತ
"ಒಬ್ಬಳು ಹೆಣ್ಣುಮಗಳೂ ಇದ್ಲು.
ಗಲಾಟೆ ಇಲ್ಲ ಏನಿಲ್ಲ, ಪಾಪ."
ಉಳಿದರ್ಧ ಕುಡಿಯದೇ ಹೋದರು.

ಒಳಮೈಯಲ್ಲಿ,
ನೆಲದಿಂದ ಎರಡೂವರೆ ಅಡಿಗೆ,
ತೆಂಗಿನಕಾಯಿಯಷ್ಟು ಅಗಲ ಒಂದು ಕಪ್ಪು.
ತಿನ್ನರ್ ಹಾಕಿದೆ, ಸೋಡಾ ಹಾಕಿದೆ,
ಎಂಬತ್ತರ ಕಾಗದಕ್ಕೇ ವಾಪಸು ಹೋದೆ.
ಜಬೀವುಲ್ಲಾ ಬಂದು ಮಂಡಿಯೂರಿ ಮೂಸಿದ.
"ತಲೆ ಎಣ್ಣೆ. ದಿವಾನದಲ್ಲಿ ನೋಡಿದೀನಿ,
ಗೋಡೆಯಲ್ಲಿ ನೋಡಿದೀನಿ. ಬಾಗಿಲಲ್ಲಿ ನೋಡಿಲ್ಲ.
ಎಣ್ಣೆ ಕುಡಿದ ಮರ ಬಣ್ಣ ಹಿಡಿಯಲ್ಲ ಅಮ್ಮ.
ಅದಕ್ಕೇ ಇಷ್ಟು ಕೈ ಬಳಿದಿದಾರೆ,
ಪ್ರತಿಸಲ ಇಲ್ಲೇ ಎದ್ದಿರುತ್ತೆ."

ಅವನು ಹೋದ ಮೇಲೆ
ನಾನು ಕೂತು ಒರಗಿ ನೋಡಲಿಲ್ಲ.
ನೋಡಬೇಕು ಅನಿಸಿತು. ನೋಡಲಿಲ್ಲ.

ಇಂಚರಳಿಗೆ ಹದಿಮೂರು. ಈ ಕೋಣೆ ಅವಳದು.
ಒಳಗಿಂದ ಚಿಲಕ ಬೇಕೆಂದು ಯುಗಾದಿಯಿಂದ ಕೇಳುತ್ತಿದ್ದಳು.
"ಮುಚ್ಚಿಟ್ಟುಕೊಳ್ಳೋಕೆ ಏನಿದೆ ನಿನ್ನ ಹತ್ತಿರ?"
ಅಂದಿದ್ದೆ, ಥೇಟು ನನ್ನಮ್ಮನ ಗಂಟಲಿನಲ್ಲಿ.

"ಆರಿಂಚಿನದು. ಒಳಗಡೆಗೋ ಹೊರಗಡೆಗೋ ಮೇಡಂ?"
ಹಾರ್ಡ್‌ವೇರ್ ಅಂಗಡಿಯವನು ಸುಮ್ಮನೆ ಕೇಳಿದ್ದು.
"ಒಳಗಡೆಗೆ!" ಅಂದೆ.
ಪಕ್ಕದಲ್ಲಿ ನಲ್ಲಿ ವಾಷರ್ ಆರಿಸುತ್ತಿದ್ದವರು
ತಿರುಗಿ ನೋಡಿದರು.

ಹಲಸು ವಯಸ್ಸಾದಷ್ಟೂ ಬಿಗಿ.
ಸ್ಕ್ರೂ ಮೊನೆಗೆ ಬಟ್ಟೆ ಸೋಪು ಸವರಿ ತಿರುಗಿಸಿದೆ.
ಹೊರಗಿನ ತೂತಿಗೆ ಅದೇ ಬಾಗಿಲ ಹೊಟ್ಟನ್ನು
ಫೆವಿಕಾಲಿನಲ್ಲಿ ಕಲೆಸಿ ಒತ್ತಿದೆ.
ಮೂರಕ್ಕೆ ಸಾಲಿತು. ನಾಲ್ಕನೆಯದು ಹಾಗೇ ಇದೆ.
ಸ್ಪಿರಿಟ್ಟಿನಲ್ಲಿ ನೆನೆದ ಅರಗು ಏಳು ಕೈ ಕೊಟ್ಟೆವು,
ಬಾಗಿಲು ಜೇನಿನ ಹಾಗೆ ಬೆಳಗಿತು,
ಆ ಕಪ್ಪಿನ ಅಂಚಿಗೆ ಬಂದು
ಪಾಲಿಶ್ ನಿಂತುಬಿಡುತ್ತದೆ,
ಕರೆಯದ ಮನೆಯ ಹೊಸ್ತಿಲಲ್ಲಿ ನಿಂತಂತೆ.
"ಮುಚ್ಚೋಣವಾ, ಸ್ಟಿಕ್ಕರ್ ಅಂಟಿಸಿ?" ಅಂದರು ಮನೆಯವರು.
ಬೇಡ ಅಂದೆ.

ನಿನ್ನೆ ರಾತ್ರಿ ಇಂಚರ ಚಿಲಕ ಹಾಕಿಕೊಂಡಳು.
ಟಕ್.
ಹಾಲಿನಲ್ಲಿ ನಿಂತಿದ್ದೆ, ಬೆರಳಲ್ಲಿನ್ನೂ ಅರಗಿನ ಅಂಟು.
ತೆಗೆದಳು. ಹಾಕಿದಳು. ತೆಗೆದಳು.
ಮತ್ತೆ ಹಾಕಿದಳು.
"ಸರಿ ಇದೆಯೇನೇ?" ಅಂತ ಕೂಗಿದೆ.

"ಸ್ವಲ್ಪ ಬಿಗಿ ಅಮ್ಮ," ಆ ಕಡೆಯಿಂದ,
"ಹಾಕೀ ತೆಗೆದೂ ಸವೀಬೇಕು."